ಅಣ್ಣನ ಹೊಲದ ಮಣ್ಣು ತೆಗೆದವಳು ನಾನು

ಮಣ್ಣು ತೆಗೆಯುವ ಕೆಲಸವನ್ನು ನಮಗೆ ಚಿಕ್ಕೋಡಿಯಲ್ಲಿ ಎರಡು ದಿನ ಕಲಿಸಿದರು. ಕಲಿಸಿದ್ದರಲ್ಲಿ ಒಂದನ್ನೂ ನಾನು ಮರೆತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಆದದ್ದಕ್ಕೆಲ್ಲ "ನನಗೆ ತಿಳಿಯಲಿಲ್ಲ" ಎಂಬ ಮಾತನ್ನು ಅಡ್ಡ ಹಿಡಿದುಕೊಂಡು ಬಹಳ ದಿನ ಓಡಾಡಿದ್ದೇನೆ. ತಿಳಿದಿತ್ತು.

ನಮ್ಮ ಕಡೆ ಟಚ್ ಫೋನು ಆಗಷ್ಟೇ ಕೈಗೆ ಬರುತ್ತಿದ್ದ ವರ್ಷಗಳವು. ಅಂಗಡಿಯಲ್ಲಿ ಸಿಗುವ ರಾಸಾಯನಿಕ ಗೊಬ್ಬರಕ್ಕೆ ನಮ್ಮ ಜನ ಸರಕಾರಿ ಗೊಬ್ಬರ ಎನ್ನುತ್ತಾರೆ. ಅದನ್ನು ರೈತರು ಅಳತೆ ತಿಳಿದು ಹಾಕುವಂತೆ ಮಾಡುವ ಒಂದು ಯೋಜನೆ ಬಂದಿತ್ತು. ರಾಯಬಾಗ ತಾಲೂಕಿನ ಹೊಲಗಳಿಂದ ಮಣ್ಣು ತಂದುಕೊಡುವವರು ಅವರಿಗೆ ಬೇಕಾಗಿದ್ದರು. ನಾನು ಓದಿದ್ದು ಏಳನೆಯ ತರಗತಿ. ಅಕ್ಷರ, ಅಂಕಿ ಬರುತ್ತಿದ್ದವು, ಹೊಲದ ಕೆಲಸ ಗೊತ್ತಿತ್ತು. ಅಷ್ಟು ಸಾಕೆಂದರು.

ಹೊಲದ ಅಂಚು ಬಿಡಬೇಕು. ಗಿಡದ ನೆರಳು, ತಿಪ್ಪೆ ಹಾಕಿದ ಜಾಗ, ನೀರು ಹಾಯುವ ಬಾಯಿ ಬಿಡಬೇಕು. ಹಾವು ಹರಿದಂತೆ ಅಂಕುಡೊಂಕಾಗಿ ನಡೆದು ಎಂಟು ಹತ್ತು ಕಡೆ ಗೇಣು ಆಳದ ಗುಂಡಿ ತೋಡಿ, ಗುಂಡಿಯ ಗೋಡೆಯನ್ನು ಮೇಲಿನಿಂದ ಕೆಳಗಿನ ತನಕ ಒಂದೇ ದಪ್ಪಕ್ಕೆ ಕೆತ್ತಬೇಕು. ಎಲ್ಲ ಮಣ್ಣನ್ನೂ ಒಂದು ಪ್ಲಾಸ್ಟಿಕ್ ತಾಡಪತ್ರಿಯ ಮೇಲೆ ಸುರಿದು ಹೆಂಟೆ ಒಡೆದು, ಬೇರು ಕಲ್ಲು ಆರಿಸಿ, ಕೈಯಿಂದ ಚೆನ್ನಾಗಿ ಕಲಸಬೇಕು. ರೊಟ್ಟಿಯಂತೆ ಗುಂಡಗೆ ಹರವಿ ಬೆರಳಿನಿಂದ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಚೆಲ್ಲಿ, ಉಳಿದದ್ದನ್ನು ಮತ್ತೆ ಕಲಸಿ ಮತ್ತೆ ಪಾಲು ಮಾಡಿ, ಅರ್ಧ ಕಿಲೋ ಉಳಿಯುವ ತನಕ ಹೀಗೇ ಮಾಡಬೇಕು. ಅದನ್ನು ಬಟ್ಟೆಯ ಚೀಲಕ್ಕೆ ತುಂಬಿ ಒಳಗೊಂದು ಹೊರಗೊಂದು ಚೀಟಿ. ಇಷ್ಟಕ್ಕೂ ಮೊದಲು ಹೊಲದ ನಡುವೆ ನಿಂತು ಫೋನಿನಲ್ಲಿ ಹೊಲದ ಜಾಗ ಹಿಡಿಯಬೇಕು. ಕಡೆಗೆ ಕಲಸಿದ ಮಣ್ಣಿನ ಗುಪ್ಪೆಯ ಫೋಟೊ ತೆಗೆದು ಕಳಿಸಬೇಕು.

"ಗೊಬ್ಬರದ ಚೀಲದ ಮ್ಯಾಲ ಮಾತ್ರ ಕಲಸಬ್ಯಾಡ್ರಿ" ಎಂದು ಕಲಿಸುವವರು ಎರಡು ಸಲ ಹೇಳಿದರು. "ನಾಲ್ಕು ಹರಳು ಉಳಿದಿದ್ರೂ ನೀವು ಚೀಲದ ಪರೀಕ್ಷೆ ಮಾಡಿದಂಗ ಆಗ್ತದ, ಮಣ್ಣಿನದಲ್ಲ."

ನಾವು ನಕ್ಕೆವು. ನಮ್ಮ ಕಡೆ ಖಾಲಿ ಗೊಬ್ಬರದ ಚೀಲ ಇಲ್ಲದ ಮನೆಯುಂಟೇ? ಬಿಚ್ಚಿ ಹೊಲಿದರೆ ರಾಶಿಗೆ ಹಾಸು, ಮಳೆಗೆ ತಲೆಯ ಮೇಲೆ ಕೊಪ್ಪೆ, ಬಚ್ಚಲಿಗೆ ಪರದೆ, ಬಂದವರಿಗೆ ಕೂರಲು ಚಾಪೆ. ಅದನ್ನು ಹೊಲಸು ಎಂದು ಯಾರೂ ನೋಡುವುದಿಲ್ಲ. ಯೋಜನೆಯವರು ಒಬ್ಬೊಬ್ಬರಿಗೂ ಒಂದು ನೀಲಿ ತಾಡಪತ್ರಿ ಕೊಟ್ಟು ಕಳಿಸಿದರು.

ಮೇ ತಿಂಗಳಲ್ಲಿ ಒಂದು ಸಂಜೆ ಗುಡುಗಿನ ಮಳೆ ಬಂತು. ಮನೆಯ ಹಿಂದೆ ಎಮ್ಮೆಗೆಂದು ಒಟ್ಟಿದ ಜೋಳದ ಕಣಕಿಯ ಬಣವೆ ನೆನೆಯತೊಡಗಿತು. ನೀಲಿ ತಾಡಪತ್ರಿ ಕೈಗೆ ಸಿಕ್ಕಿತು, ಹೊದಿಸಿದೆ. ನಾಳೆ ತೆಗೆದರಾಯಿತು ಎಂದುಕೊಂಡೆ. ಮರುದಿನವೂ ಮೋಡ ಇತ್ತು. ಹೀಗೆ ಆ ತಾಡಪತ್ರಿ ಬಣವೆಯ ಮೇಲೇ ಉಳಿಯಿತು. ನಾನು ಬರಿಗೈಯಲ್ಲಿ ಹೊಲಗಳಿಗೆ ಹೋಗತೊಡಗಿದೆ. ಹಾಸಲು ಏನಾದರೂ ಕೊಡಿ ಎಂದರೆ ಯಾವ ಮನೆಯಲ್ಲಿ ಏನು ಕೊಡುತ್ತಾರೆ ಎಂದು ಮೇಲೆ ಹೇಳಿದ್ದೇನೆ.

ಅಂಥ ದಿನಗಳಲ್ಲೇ ಅಲಖನೂರಿಗೆ ಹೋದೆ. ಅದು ನನ್ನ ತವರು. ಅಪ್ಪನ ಹೊಲವನ್ನು ಅಣ್ಣ ಮಾಡುತ್ತಿದ್ದ. ಅದರಲ್ಲಿ ಮಡ್ಡಿ ದಿಬ್ಬದ ಕಡೆಗಿದ್ದ ಒಂದು ಎಕರೆ ಬೀಜದ ಕಬ್ಬಿನದು. ಕಾರ್ಖಾನೆಗೆ ಕಳಿಸುವ ಕಬ್ಬನ್ನು ಎಲ್ಲರೂ ಬೆಳೆಯುತ್ತಾರೆ. ಬೀಜದ ಕಬ್ಬು ಹಾಗಲ್ಲ. ಎಂಟು ಒಂಬತ್ತು ತಿಂಗಳಿಗೆ ಕಡಿದು ನಾಟಿಗೆ ಕೊಡುವ ಆ ಕಬ್ಬಿನ ಕಣ್ಣು ಒಡೆದು ಮೊಳೆಯದಿದ್ದರೆ ಕೊಂಡವನ ವರ್ಷವೇ ಹೋಗುತ್ತದೆ. ಅಣ್ಣನ ಬೀಜಕ್ಕೆ ಶೇಡಬಾಳದಿಂದಲೂ ಜನ ಟ್ರ್ಯಾಕ್ಟರು ತರುತ್ತಿದ್ದರು. ಅವನಿಗಿದ್ದ ಹೆಸರೆಂದರೆ ಅದೊಂದೇ.

ಪಕ್ಕದ ಹೊಲದ ಮುದುಕರಿಗೆ ನಾನು ಚಿಕ್ಕಂದಿನಿಂದ ಕಾಕಾ ಎನ್ನುತ್ತೇನೆ. ಅವರು ಬದುವಿನ ಮೇಲೆ ಕುಂತಿದ್ದರು.

"ಹೊಲದಾಗ ನಿಂತ ಫೋನಿನ್ಯಾಗ ಏನ ನೋಡಾಕತ್ತಿ?"

"ಹೊಲದ ಜಾಗಾ ಹಿಡ್ಯಾಕತ್ತೀನ್ರಿ ಕಾಕಾ."

"ಇವತ್ತ ಜಾಗಾ ಹಿಡೀತಿ, ನಾಳೆ ಹೊಲಾನ ಹಿಡೀತಾರ. ಎಲ್ಲಿಂದ ನೋಡ್ತಾರ ಅವರು?"

"ಮ್ಯಾಲ ಉಪಗ್ರಹ ಇರತೈತ್ರಿ."

"ಇದ್ದ ಒಂಬತ್ತ ಗ್ರಹಾನ ನನ್ನ ಅರದ ಕುಡದಾವ. ಹತ್ತನೇದು ಬ್ಯಾಡವ್ವಾ. ನನ್ನ ಹೊಲದಾಗ ಕಾಲಿಡಬ್ಯಾಡ."

ಅಲ್ಲಿ ನೆರೆದಿದ್ದ ಮೂರು ನಾಲ್ಕು ಮಂದಿಯೂ ಇದೇ ರಾಗ. ಮಣ್ಣು ಕೊಟ್ಟರೆ ನೀರಿನ ಕರ ಏರಿಸುತ್ತಾರೆ, ಸವುಳು ಭೂಮಿ ಎಂದು ಬರೆದು ಬೆಲೆ ಕೆಡಿಸುತ್ತಾರೆ ಎಂದು ಒಬ್ಬೊಬ್ಬರದು ಒಂದೊಂದು ಅನುಮಾನ. ಅಣ್ಣನಿಗೆ ನನ್ನ ಮುಖ ನೋಡಿ ಕೆಡುಕೆನಿಸಿರಬೇಕು.

"ಕಾಕಾ, ಅಕಿ ನನ್ನ ತಂಗಿ. ಮೊದಲ ನನ್ನ ಬೀಜದ ಹೊಲದಾಗ ತಗೀಲಿ. ಕೆಟ್ಟರ ನಂದ ಕೆಡ್ಲಿ" ಎಂದ.

ನಾನು ಎಂಟು ಕಡೆ ಗುಂಡಿ ತೋಡಿದೆ. ಕೆತ್ತಿದ್ದು ಸರಿಯಾಗಿಯೇ ಇತ್ತು. ಹಾಸಲು ಬೇಕೆಂದಾಗ ವೈನಿ, ಅಂದರೆ ಅಣ್ಣನ ಹೆಂಡತಿ, ಹತ್ತು-ಇಪ್ಪತ್ತಾರು ಎನ್ನುವ ಗೊಬ್ಬರದ ಖಾಲಿ ಚೀಲವೊಂದನ್ನು ಕುಡುಗೋಲಿನಿಂದ ಸೀಳಿ, ಎರಡು ಸಲ ಜಾಡಿಸಿ ಕೊಟ್ಟಳು. ರಂಜಕ, ಪೊಟ್ಯಾಶ್ ಎರಡೂ ತುಂಬಿರುವ ಗೊಬ್ಬರ ಅದು.

"ಸ್ವಚ್ಛ ಐತಿ ತಗೋ" ಎಂದಳು.

ಹೊಲಿಗೆಯ ಸಂದಿಯಲ್ಲಿ ಬೂದಿ ಬಣ್ಣದ ಧೂಳು ಕಂಡಿತು. ನಾಲ್ಕು ಗಂಟೆಯ ಬಸ್ಸು ಹಿಡಿಯಬೇಕಿತ್ತು, ಅಂದಿನ ಲೆಕ್ಕಕ್ಕೆ ಇನ್ನೆರಡು ಹೊಲ ಬಾಕಿ ಇದ್ದವು. ಅದರ ಮೇಲೆಯೇ ಕಲಸಿದೆ. ಫೋಟೊ ತೆಗೆದೆ, ಕಳಿಸಿದೆ.

ಅಥಣಿಯಲ್ಲಿ ಬಾಡಿಗೆ ಮನೆಯೊಂದನ್ನು ಹಿಡಿದು ಯೋಜನೆಯವರು ಪ್ರಯೋಗಾಲಯ ಮಾಡಿದ್ದರು. ಹದಿನೈದು ದಿನದ ಮೇಲೆ ಅಲ್ಲಿಂದ ಮಣ್ಣು ಪರೀಕ್ಷೆ ಮಾಡುವ ಹೆಣ್ಣುಮಗಳು ಫೋನು ಮಾಡಿದಳು.

"ಅಕ್ಕಾರ, ಈ ಅಲಖನೂರ ಮಾದರಿಯೊಳಗ ರಂಜಕ, ಪೊಟ್ಯಾಶ್ ಬಹಳ ಬಂದಾವ. ಸುತ್ತಮುತ್ತಲಿನ ಊರಿನ ಹೊಲದಾಗ ಇಷ್ಟ ಬಂದಿಲ್ಲ. ಎದರ ಮ್ಯಾಲ ಕಲಸಿದ್ರಿ?"

ನಾನು ಒಂದು ಉಸಿರು ಕೂಡ ತಡೆಯಲಿಲ್ಲ. "ತಾಡಪತ್ರಿ ಮ್ಯಾಲರಿ" ಎಂದೆ. ಅಷ್ಟಕ್ಕೇ ಬಿಟ್ಟಿದ್ದರೆ ಅದೊಂದು ಸುಳ್ಳಾಗುತ್ತಿತ್ತು. ಮುಂದುವರಿದು, "ಅಂವ ನಮ್ಮ ಅಣ್ಣರಿ. ಗೊಬ್ಬರ ಅಂದ್ರ ಕೈ ತಡ್ಯೂದಿಲ್ಲ, ಸುರೀತಾನ. ಅದಕ್ಕ ಹಂಗ ಬಂದಿರಬೇಕು" ಎಂದೆ.

ಹೇಳುತ್ತ ಹೇಳುತ್ತ ನನಗೆ ಅದು ನಿಜವೆನಿಸಿತು. ಅವನು ಯೂರಿಯಾ ಜಾಸ್ತಿ ಹಾಕುತ್ತಿದ್ದದ್ದು ಹೌದು. ಉಳಿದದ್ದನ್ನೂ ಹಾಗೇ ಸುರಿದಿರಬೇಕು ಎಂದು ನನ್ನನ್ನು ನಾನೇ ನಂಬಿಸಿಕೊಂಡೆ. ಅಣ್ಣನ ಮೇಲೆ ಅನುಮಾನ ಹುಟ್ಟಿದ್ದು ಹೀಗೆ, ನನ್ನ ಅನುಕೂಲಕ್ಕಾಗಿ.

ಸಲಹೆ ಅವನ ಫೋನಿಗೆ ಬಂತು. ಈ ವರ್ಷ ರಂಜಕ, ಪೊಟ್ಯಾಶ್ ಬೇಡವೇ ಬೇಡ. ಯೂರಿಯಾ ಮೊದಲಿನದಕ್ಕಿಂತ ಬಹಳ ಕಡಿಮೆ, ಅದೂ ನಾಲ್ಕು ಸಲಕ್ಕೆ ಹಂಚಿ. ನಾನೇ ಓದಿ ಹೇಳಿದೆ.

"ಅಂದ್ರ ಇಷ್ಟ ವರ್ಷ ನಾ ಮಣ್ಣ ಕೆಡಸೇನಿ?"

"ಹಂಗ ಅಲ್ಲೊ ಅಣ್ಣಾ, ಜಾಸ್ತಿ ಆಗೈತಿ ಅಷ್ಟ."

"ಜಾಸ್ತಿ ಆಗೂದಂದ್ರ ಕೆಡಸೂದ ಅಲ್ಲೇನ."

ಜುಲೈ ನಾಟಿಗೆಂದು ಅವನು ಆಗಲೇ ಹತ್ತು-ಇಪ್ಪತ್ತಾರರ ಚೀಲಗಳನ್ನು ತಂದಿಟ್ಟಿದ್ದ. ಅವನ್ನು ಗೊಬ್ಬರದ ಖೋಲಿಯಲ್ಲಿ ಗೋಡೆಗೆ ಒಟ್ಟಿ ಇಟ್ಟ, ಒಂದನ್ನೂ ಬಿಚ್ಚಲಿಲ್ಲ. ಯಂತ್ರದಿಂದ ಫೋನು ಬರುತ್ತಿತ್ತು, "ಗೊಬ್ಬರ ಹಾಕಿದ್ದರೆ ಒಂದನ್ನು ಒತ್ತಿ" ಎಂದು ಹೆಣ್ಣುದನಿ ಹೇಳುತ್ತಿತ್ತು. ಅಣ್ಣ ಮೊದಲ ಸಲ ಅದಕ್ಕೆ ಉತ್ತರ ಕೊಟ್ಟ.

"ಹಾಕೀನ್ರಿ ಬಾಯಾರ. ಕಬ್ಬಿನ ಸಾಲಿನ ಬಾಜೂಕ ಹಾಕಿ ಮಣ್ಣ ಮುಚ್ಚೀನಿ."

"ಅಕಿಗೆ ಕೇಳಸೂದಿಲ್ಲ, ಒತ್ತರಿ!" ಎಂದು ವೈನಿ ನಕ್ಕು ನಕ್ಕು ಸಾಕಾದಳು. ಆಮೇಲೆ ಅವನು ಪ್ರತಿ ಸಲವೂ ಒತ್ತಿದ. ಹಾಕಿದ ಮೇಲೆಯೇ ಒತ್ತಿದ.

ಡಿಸೆಂಬರಿನಲ್ಲಿ ನನಗೆ ಬರಹೇಳಿದ. ಹೊಲಕ್ಕೆ ಹೋಗಿ ಕಬ್ಬು ನೋಡಿದೆ. ಬುಡದಿಂದ ಮರಿ ಒಡೆದದ್ದು ಕಡಿಮೆ, ಸಾಲಿನಲ್ಲಿ ಆಚೆಯ ಬದು ಕಾಣುತ್ತಿತ್ತು. ಕೆಳಗಿನ ಎಲೆಗಳ ಅಂಚು ಬೆಂಕಿಗೆ ಹಿಡಿದಂತೆ ಕಂದು ಬಣ್ಣಕ್ಕೆ ತಿರುಗಿ ಒಣಗಿತ್ತು. ಕಬ್ಬು ಹೆಬ್ಬೆರಳಿಗಿಂತ ಸಣ್ಣ. ಬದುವಿನಾಚೆ ಕಾಕಾನ ಕಬ್ಬು ಕಪ್ಪಗೆ ತೂಗುತ್ತಿತ್ತು.

"ಹೇಳಿದಷ್ಟ ಹಾಕೀನಿ" ಎಂದ ಅಣ್ಣ.

ನಾನು ನಂಬಲಿಲ್ಲ. ಯೂರಿಯಾ ಸಹ ಹಾಕದೆ ಸುಮ್ಮನೆ ಒಂದು ಒತ್ತಿದ್ದಾನೆ, ಇಲ್ಲವೇ ನೀರು ತಪ್ಪಿಸಿದ್ದಾನೆ ಎಂದುಕೊಂಡೆ. ಅವನು ಮೋಟಾರು ಹಚ್ಚಲು ಹೋದಾಗ ಖೋಲಿಯ ಬಾಗಿಲು ತೆಗೆದು ಒಳಗೆ ಹೋದೆ, ನನ್ನ ತವರಿನಲ್ಲಿ ಕಳ್ಳಿಯಂತೆ. ಯೂರಿಯಾ ಎಷ್ಟು ಬೇಕೋ ಅಷ್ಟೇ ಖರ್ಚಾಗಿತ್ತು. ಹತ್ತು-ಇಪ್ಪತ್ತಾರರ ಚೀಲಗಳು ಒಟ್ಟಿದಂತೆಯೇ ಇದ್ದವು, ಒಂದರ ಹೊಲಿಗೆಯೂ ಬಿಚ್ಚಿರಲಿಲ್ಲ.

"ಏನ ಹುಡಕಾಕತ್ತಿ?" ಬಾಗಿಲಲ್ಲಿ ವೈನಿ ನಿಂತಿದ್ದಳು. ಅಲ್ಲಿಯ ತನಕ ಅಂಗಳದಲ್ಲಿ ಕುಂತು ಉಳ್ಳಾಗಡ್ಡಿ ಸ್ವಚ್ಛ ಮಾಡುತ್ತಿದ್ದವಳು.

"ಏನಿಲ್ಲ ವೈನಿ."

"ನಿನ್ನ ಅಣ್ಣನ ಮ್ಯಾಲ ನಿನಗ ಸಂಶೆ ಅಂದ್ರ ಬಾಯಿ ಬಿಟ್ಟ ಕೇಳು. ಖೋಲಿ ಯಾಕ ತಡಕಾಡ್ತಿ?"

ಮಾತು ಮುಗಿಸಿ ಅವಳು ತಿರುಗಿದಳು. ಅವಳ ಕರಿ ಸೀರೆಯ ಹಿಂಭಾಗದಲ್ಲಿ, ಕುಂತ ಜಾಗದಷ್ಟೂ, ಬೂದಿ ಬಣ್ಣದ ಹುಡಿ ಮೆತ್ತಿತ್ತು. ಅಂಗಳದಲ್ಲಿ ಅವಳು ಹಾಸಿಕೊಂಡು ಕುಂತದ್ದು ಸೀಳಿದ ಗೊಬ್ಬರದ ಚೀಲ. ಅದೂ ಎರಡು ಸಲ ಜಾಡಿಸಿದ್ದೇ ಇರಬೇಕು.

ಅಲ್ಲಿ ನನಗೆ ಎಲ್ಲವೂ ಅರ್ಥವಾಯಿತು. ಅಣ್ಣ ಸರಿಯಾಗಿಯೇ ಹಾಕಿದ್ದ. ತಪ್ಪಿದ್ದು ಸಲಹೆ. ಸಲಹೆ ತಪ್ಪಿದ್ದು ಮಣ್ಣಿನಿಂದ. ಮಣ್ಣು ನನ್ನ ಕೈಯದು.

ಅರ್ಥವಾದ ಮೇಲೂ ನಾನು ಹೇಳಲಿಲ್ಲ. ನನ್ನ ತಪ್ಪೆಂದು ಕರೆಯಬೇಕಾದದ್ದು ಇದನ್ನು. ಚೀಲದ ಮೇಲೆ ಕಲಸಿದ್ದು ಅವಸರ, ಇದು ಅವಸರವಲ್ಲ.

ಮರುವಾರ ಮೇಲ್ವಿಚಾರಕ ಸಾಹೇಬರು ಫೋನು ಮಾಡಿ, ಆ ಹೊಲದ ಬೆಳೆ ಕೆಟ್ಟದ್ದಕ್ಕೆ ಕಾರಣ ತುಂಬಲು ಹೇಳಿದರು. ಫೋನಿನಲ್ಲಿ ಕಾರಣಗಳ ಪಟ್ಟಿ ತೆರೆಯಿತು. ನೀರಿನ ಕೊರತೆ. ರೋಗ. ಕೀಟ. ಬಿತ್ತನೆ ಬೀಜ ಸರಿಯಿಲ್ಲ. ರೈತ ಸಲಹೆ ಪಾಲಿಸಿಲ್ಲ. ಮಣ್ಣು ತೆಗೆದವರು ತಪ್ಪು ಮಾಡಿದ್ದಾರೆ ಎಂಬ ಸಾಲು ಅದರಲ್ಲಿ ಇರಲಿಲ್ಲ. ಪಟ್ಟಿ ಮಾಡಿದವರಿಗೆ ರೈತರ ಮೇಲೆ ಅನುಮಾನವಿತ್ತು, ನಮ್ಮ ಮೇಲೆ ಇರಲಿಲ್ಲ. ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯುತ್ತಿರಲಿಲ್ಲ. ನಾನು "ರೈತ ಸಲಹೆ ಪಾಲಿಸಿಲ್ಲ" ಎಂಬುದನ್ನು ಒತ್ತಿದೆ. ಬೇರೆ ಏನನ್ನು ಒತ್ತಲಿ ಎಂದು ಆಗ ಕೇಳಿಕೊಂಡೆ. ಸಾಹೇಬರಿಗೆ ಒಂದು ಫೋನು ಮಾಡಬಹುದಿತ್ತು.

ಜನವರಿಯಲ್ಲಿ ಅದೇ ಹೊಲದಲ್ಲಿ ರೈತರನ್ನು ಕೂಡಿಸುವುದೆಂದು ಮೊದಲೇ ನಿಶ್ಚಯವಾಗಿತ್ತು. ಬೆಳೆ ಹೀಗಿದೆ, ಮುಂದೂಡಿ ಎಂದು ನಾನು ಹೇಳಿ ನೋಡಿದೆ. ಸಾಹೇಬರು ಕೇಳಲಿಲ್ಲ. ಸಲಹೆ ಪಾಲಿಸದಿದ್ದರೆ ಏನಾಗುತ್ತದೆ ಎಂದು ತೋರಿಸಲು ಇದಕ್ಕಿಂತ ಚಲೋ ಹೊಲ ಯಾವುದು ಎಂದರು. ಮೂವತ್ತು ನಲವತ್ತು ಮಂದಿ ಸೇರಿದ್ದರು. ಬೀಜ ಒಯ್ಯಲು ಮಾತು ಕೊಟ್ಟಿದ್ದವರೂ ಇದ್ದರು. ಸಾಹೇಬರು ಕೈಯಲ್ಲಿನ ಟ್ಯಾಬ್ ನೋಡಿ ಹೊಲದ ನಂಬರು, ಅಣ್ಣನ ಹೆಸರು ಓದಿ, ಕಾರಣವನ್ನೂ ಓದಿದರು.

"ರೈತ ಸಲಹೆ ಪಾಲಿಸಿಲ್ಲ."

ಅಣ್ಣ ತಲೆ ಎತ್ತಿ ಅವರನ್ನು ನೋಡಿದ. "ಯಾರ ಬರದಾರ್ರಿ ಅದನ?"

"ನಿಮ್ಮ ತಂಗಿಯವರ ಬರದಾರ."

ಹಿಂದಿನಿಂದ ಯಾರೋ, "ಯೂರಿಯಾದ ಕೂಡ ತಂಗಿಗೂ ಬರೋಬರ್ ಊಟಾ ಹಾಕಬೇಕಾಗಿತ್ತು!" ಎಂದರು. ಜನ ನಕ್ಕರು. ಕಾಕಾ ಬಗ್ಗಿ ಒಂದು ಕಬ್ಬು ಮುರಿದು, ಕಣ್ಣು ಒತ್ತಿ ನೋಡಿ, "ಬೀಜ ಮಾರಾಂವ ಫೋನಿಗೂ ಸುಳ್ಳ ಹೇಳ್ತಾನಂದ್ರ ನಮಗ ಏನ ಹೇಳ್ತಿದ್ದಾನಪಾ ಇಷ್ಟ ದಿನಾ" ಎಂದರು. ಅದಕ್ಕೆ ಯಾರೂ ನಗಲಿಲ್ಲ.

ಅಣ್ಣ ನನ್ನ ಕಡೆ ತಿರುಗಿದ. ಕೋಪ ಇರಲಿಲ್ಲ. ನಾನು ಏನಾದರೂ ಹೇಳುತ್ತೇನೆಂದು ಕಾಯುತ್ತಿದ್ದ. ನಾನು ಫೋನು ನೋಡುತ್ತ ನಿಂತೆ.

ಅಂದಿನಿಂದ ಹೇಳಿಬಿಡಬೇಕು ಎಂದು ಒಂದು ಮನಸ್ಸು. ನಿಜಕ್ಕೂ ಚೀಲದಿಂದಲೇ ಆಯಿತೆಂದು ಹೇಗೆ ಹೇಳುತ್ತಿ, ಎಂದು ಇನ್ನೊಂದು. ಈ ಎರಡನೆಯ ಮನಸ್ಸಿನ ಮೇಲೆ ನನಗೆ ಅನುಮಾನ ಬಂತು. ಅದು ಯಾವಾಗಲೂ ನನಗೆ ಬೇಕಾದದ್ದನ್ನೇ ಹೇಳುತ್ತಿತ್ತು. ಹಾಗಾದರೆ ಪರೀಕ್ಷೆಯೇ ಆಗಲಿ ಎಂದುಕೊಂಡೆ.

ಹತ್ತು ದಿನ ಬಿಟ್ಟು ಅಲಖನೂರಿಗೆ ಹೋದೆ. ಮತ್ತೊಮ್ಮೆ ಮಣ್ಣು ತೆಗೆಯಬೇಕು ಎಂದೆ. ಯಾಕೆ ಎಂದು ಅಣ್ಣ ಕೇಳಲಿಲ್ಲ, ಮನೆಯಿಂದ ಹೊರಗೂ ಬರಲಿಲ್ಲ. ಗೊಬ್ಬರ ಬೀಳದ ಸಾಲುಗಳ ನಡುವೆ ಎಂಟು ಗುಂಡಿ ತೋಡಿ, ಮಣ್ಣನ್ನು ಸರಿಯಾಗಿ ಎರಡು ಪಾಲು ಮಾಡಿದೆ. ಒಂದು ಪಾಲನ್ನು ವೈನಿಯ ಹಿಟ್ಟು ನಾದುವ ಪರಾತವನ್ನು ಮೂರು ಸಲ ತೊಳೆದು ಒಣಗಿಸಿ ಅದರಲ್ಲಿ ಕಲಸಿದೆ. ಇನ್ನೊಂದನ್ನು ಹಿಂದಿನ ಸಲದಂತೆಯೇ, ಖಾಲಿ ಚೀಲ ಸೀಳಿಸಿ, ಎರಡು ಸಲ ಜಾಡಿಸಿ, ಅದರ ಮೇಲೆ. ಎರಡಕ್ಕೂ ಬೇರೆ ಬೇರೆ ನಂಬರು ಹಾಕಿದೆ. ಯಾವುದು ಯಾವುದೆಂದು ಪ್ರಯೋಗಾಲಯಕ್ಕೆ ಹೇಳದೆ, ಒಂದು ಚೀಟಿಯಲ್ಲಿ ಬರೆದು ನನ್ನಲ್ಲೇ ಇಟ್ಟುಕೊಂಡೆ.

ಎರಡು ವಾರದ ಮೇಲೆ ಫಲಿತಾಂಶ ಬಂತು. ಒಂದೇ ಹೊಲ, ಒಂದೇ ಗಳಿಗೆಯ ಮಣ್ಣು. ಪರಾತದ್ದರಲ್ಲಿ ರಂಜಕ, ಪೊಟ್ಯಾಶ್ ಎರಡೂ ಕಡಿಮೆ. ಚೀಲದ್ದರಲ್ಲಿ ಎರಡೂ ಅತಿ ಹೆಚ್ಚು. ಚೀಟಿ ತೆಗೆದುಕೊಂಡು ನಾನೇ ಅಥಣಿಗೆ ಹೋದೆ. ಪರೀಕ್ಷೆ ಮಾಡುವ ಆ ಹೆಣ್ಣುಮಗಳ ಮುಂದೆ ಕುಂತು, ಅಂದು ಅವಳು ಫೋನು ಮಾಡಿದಾಗ ನಾನು ಹೇಳಿದ್ದು ಸುಳ್ಳೆಂದು ಹೇಳಿದೆ.

ಅವಳು ಬೈಯಲಿಲ್ಲ. ಕಂಪ್ಯೂಟರಿನಲ್ಲಿ ಹುಡುಕಿ ಅಣ್ಣನ ಹೊಲದ ಹಳೆಯ ಫೋಟೊ ತೆಗೆದು ದೊಡ್ಡದು ಮಾಡಿದಳು. ಮಣ್ಣಿನ ಗುಪ್ಪೆಯ ಪಕ್ಕದಲ್ಲಿ, ಚೀಲದ ಮೇಲೆ ಅಚ್ಚಾದ ಹತ್ತು, ಇಪ್ಪತ್ತಾರು, ಇಪ್ಪತ್ತಾರು ಎಂಬ ಅಂಕಿಗಳು ಸ್ಪಷ್ಟವಾಗಿದ್ದವು.

"ಇಷ್ಟ ದಿನಾ ಇಲ್ಲೇ ಇತ್ತು. ಫೋಟೊ ಬಂದಾವಿಲ್ಲೊ ಅಂತ ಎಣಸ್ತೀವಿ. ತಗದ ನೋಡೂದಿಲ್ಲ" ಎಂದಳು. ನನ್ನ ಕಡೆ ತಿರುಗಿ, "ಅಕ್ಕಾರ, ಇದೊಂದ ಏನ?" ಎಂದು ಕೇಳಿದಳು.

ನಾನು ಅಲ್ಲಿಯ ತನಕ ಅಣ್ಣನ ಹೊಲವೊಂದನ್ನೇ ಯೋಚಿಸಿದ್ದೆ. ಇಬ್ಬರೂ ಕುಂತು ನಾನು ಕಳಿಸಿದ ಫೋಟೊಗಳನ್ನೆಲ್ಲ ಒಂದೊಂದಾಗಿ ತೆರೆದೆವು. ತಾಡಪತ್ರಿ ನೀಲಿ ಇದ್ದದ್ದರಿಂದ ಬೇರ್ಪಡಿಸುವುದು ಸುಲಭವಿತ್ತು. ನೀಲಿ ಮುಗಿದ ದಿನದಿಂದ ಮೂವತ್ತೊಂದು ಹೊಲಗಳಲ್ಲಿ ಚೀಲ ಇತ್ತು. ಯೂರಿಯಾದ್ದು, ಪೊಟ್ಯಾಶಿನದು, ಸಿಮೆಂಟಿನದು ಕೂಡ ಎರಡು.

ಸಾಹೇಬರು ಮೊದಲು ನನ್ನನ್ನೇ ಅನುಮಾನಿಸಿದರು. "ಅಣ್ಣನ್ನ ಉಳಸಾಕ ಈಗ ಎರಡು ಮಾದರಿ ಕಟ್ಟಿಕೊಂಡು ಬಂದೀರಿ. ಯಾವುದರೊಳಗ ಏನು ಕಲಸಿದ್ರಿ ಯಾರಿಗೆ ಗೊತ್ತು?" ಎಂದರು. ಫೋಟೊಗಳನ್ನು ತೋರಿಸಿದ ಮೇಲೆ ಕುರ್ಚಿಗೆ ಒರಗಿದರು.

"ಇದನ್ನ ಇಲ್ಲಿಗೇ ಬಿಡ್ರಿ. ಮುಂದಿನ ಸಲ ಸರಿಯಾಗಿ ತಗೀರಿ. ಒಂದು ಹೊಲದ್ದು ತಪ್ಪಂತ ಹೇಳಿದ್ರ ಎಲ್ಲಾ ಹೊಲದ ಮ್ಯಾಲೂ ಅನುಮಾನ ಬರ್ತದ."

"ಬರಲಿ ಅಂತನ ಹೇಳಾಕ ಬಂದೀನ್ರಿ ಸಾಹೇಬ್ರ."

ಮೂವತ್ತೊಂದು ಹೊಲಗಳಿಗೂ ನಾನೇ ಹೋಗಿ ತಪ್ಪು ಹೇಳುತ್ತೇನೆ, ಮಣ್ಣು ಮತ್ತೆ ತೆಗೆದುಕೊಡುತ್ತೇನೆ, ಆಮೇಲೆ ಕೆಲಸ ಬಿಡಿಸುವುದಿದ್ದರೆ ಬಿಡಿಸಿ ಎಂದೆ. ಅವರು ಹೂಂ ಎನ್ನಲಿಲ್ಲ, ಬೇಡವೆಂದೂ ಹೇಳಲಿಲ್ಲ. ಅದನ್ನೇ ಒಪ್ಪಿಗೆ ಎಂದು ತಿಳಿದು ಹೊರಬಿದ್ದೆ.

ಮೊದಲು ಅಲಖನೂರಿನಿಂದ ಆಗಬೇಕಿತ್ತು. ಅಣ್ಣನ ಮನೆಗೆ ಹೋಗಿ ಗುಟ್ಟಾಗಿ ಹೇಳಿದರೆ ಆಗುತ್ತಿರಲಿಲ್ಲ, ಅವನ ಹೆಸರು ಕೆಟ್ಟದ್ದು ಮಂದಿಯಲ್ಲಿ. ಬೆಳಿಗ್ಗೆ ಹಾಲಿನ ಡೇರಿಯ ಮುಂದೆ ಊರ ಗಂಡಸರೆಲ್ಲ ಕ್ಯಾನು ಹಿಡಿದು ಸರತಿಯಲ್ಲಿ ನಿಲ್ಲುತ್ತಾರೆ. ಅಲ್ಲಿ ಹೋಗಿ ನಿಂತೆ. ಅಣ್ಣನೂ ಇದ್ದ.

ಮಣ್ಣನ್ನು ಗೊಬ್ಬರದ ಚೀಲದ ಮೇಲೆ ಕಲಸಿದ್ದು, ಕೇಳಿದಾಗ ಸುಳ್ಳು ಹೇಳಿದ್ದು, ಗೊತ್ತಾದ ಮೇಲೂ ಅಣ್ಣನ ಮೇಲೆ ಬರೆದದ್ದು, ಮೂರನ್ನೂ ಹೇಳಿದೆ.

"ಅಂದ್ರ ಅಂವ ಹೇಳಿದಷ್ಟ ಹಾಕಿದ್ದ?" ಕಾಕಾ ಕೇಳಿದರು.

"ಹೌದ್ರಿ. ಹೇಳಿದಷ್ಟ ಹಾಕಿದ್ದ."

ಹಾಗೆ ಹಾಕಿದವನು ಅವನೊಬ್ಬನೇ. ಆಮೇಲೆ ಉಳಿದ ಹೊಲಗಳಿಗೆ ಹೋದಾಗ ನನಗೆ ತಿಳಿದದ್ದು ಇದೇ. ಮೂವತ್ತು ಮಂದಿಯಲ್ಲಿ ಒಬ್ಬರೂ ಫೋನಿನ ಮಾತು ಕೇಳಿರಲಿಲ್ಲ. ಒಂದು ಒತ್ತಿ, ತಮಗೆ ತಿಳಿದಷ್ಟು ಸುರಿದಿದ್ದರು. ಅವರನ್ನು ಉಳಿಸಿದ್ದು ಅವರ ಅನುಮಾನ. ನಂಬಿದ್ದು ಅಣ್ಣನೊಬ್ಬ, ಅವನು ನಂಬಿದ್ದು ಫೋನನ್ನಲ್ಲ.

ಡೇರಿಯಿಂದ ಅಣ್ಣ ಮನೆಗೆ ನಡೆದ. ಹಿಂದೆಯೇ ಹೋದೆ. ಕ್ಯಾನು ತೊಳೆದು ಬೋರಲು ಹಾಕಿದ ಮೇಲೆ ಒಂದೇ ಮಾತು ಅಂದ.

"ಸಾಹೇಬ ಓದಿದಾಗ ನೀ ನನ್ನ ಬಾಜೂನ ನಿಂತಿದ್ದಿ."

"ಹೌದಣ್ಣಾ."

ವೈನಿ ಚಹಾ ಕೊಟ್ಟಳು. ಅವನು ಒಳಗೆ ಹೋದ.

ಆ ವರ್ಷ ಅವನು ಬೀಜಕ್ಕೆ ಕಬ್ಬು ಕಡಿಯಲಿಲ್ಲ. ಡೇರಿಯ ಮಾತಾದ ಮೇಲೆ ಇಬ್ಬರು ಬಂದು, ನಿನ್ನ ತಪ್ಪಲ್ಲವಲ್ಲ, ಕೊಡು ಎಂದು ಕೇಳಿದರಂತೆ. "ತಪ್ಪು ಯಾರದರ ಇರಲಿ, ಕಣ್ಣ ಒಡ್ಯಾಂಗಿಲ್ಲ" ಎಂದು ಹೇಳಿ ಕಳಿಸಿದನಂತೆ. ಬೆಳೆಯನ್ನೆಲ್ಲ ಕಾರ್ಖಾನೆಗೆ ಬಿಟ್ಟ.

ಮೇ ತಿಂಗಳಲ್ಲಿ, ಹೊಸ ಬೀಜದ ಕಬ್ಬಿಗೆಂದು ಬೇರೆ ಒಂದು ಎಕರೆ ತಯಾರು ಮಾಡುವಾಗ, ನನ್ನನ್ನು ಕರೆಸಿದ. ಹೋದರೆ ಮಣ್ಣು ಮುಟ್ಟಲು ಬಿಡಲಿಲ್ಲ. ಗುಂಡಿ ತೋಡಿದವನು ಅವನು, ಕೆತ್ತಿದವನು ಅವನು, ಕಲಸಿ ಪಾಲು ಮಾಡಿದವನೂ ಅವನೇ. ಹೇಗೆಂದು ನಾನು ಹೇಳಬೇಕು, ಅಷ್ಟೇ. ಚೀಲ ಕಟ್ಟಿ, ನನ್ನ ಕೈಗೆ ಕೊಡದೆ ತಾನೇ ಬಸ್ಸು ಹತ್ತಿ ಅಥಣಿಗೆ ಒಯ್ದು ಕೊಟ್ಟು ಬಂದ. ಹೊಲದ ನಡುವೆ ನಿಂತು ಜಾಗ ಹಿಡಿಯುವುದೊಂದು ನನ್ನ ಪಾಲಿಗೆ ಉಳಿಯಿತು.

ಸಲಹೆ ಬಂತು. ಈ ಸಲ ರಂಜಕ, ಪೊಟ್ಯಾಶ್ ಬೇಕೆಂದಿತ್ತು. ಯೂರಿಯಾ ಮಾತ್ರ ಅವನು ಹಾಕುತ್ತಿದ್ದದ್ದಕ್ಕಿಂತ ಬಹಳ ಕಡಿಮೆ, ಹೋದ ಸಲದ ಸಲಹೆಯಲ್ಲಿ ಇದ್ದಷ್ಟೇ. ಅಂದರೆ ಹೋದ ಸಲದ ಆ ಒಂದು ಮಾತು ಸರಿಯೇ ಇತ್ತು.

"ಇದು ಖರೇ ಏನ?" ಎಂದು ಕೇಳಿದ.

ಹೌದು ಎಂದು ಹೇಳುವ ಬಾಯಿ ನನಗಿರಲಿಲ್ಲ. "ಅರ್ಧಾ ಹೊಲಕ್ಕ ಇದರಂಗ ಹಾಕು. ಅರ್ಧಾಕ್ಕ ನೀ ಯಾವಾಗಲೂ ಹಾಕೂವಷ್ಟ ಹಾಕು. ನೋಡೂಣು" ಎಂದೆ. ಅವನು ನಡುವೆ ಗೂಟ ನೆಟ್ಟು ಹಗ್ಗ ಕಟ್ಟಿದ.

ಮರುವರ್ಷ ಏಪ್ರಿಲಿನಲ್ಲಿ ಬೀಜ ಕಡಿಯುವಾಗ ನಾನು ಹೋಗಿದ್ದೆ. ಕಾಕಾ ಟ್ರ್ಯಾಕ್ಟರು ತಂದಿದ್ದರು. ಅಣ್ಣ ಎರಡೂ ಕಡೆಯಿಂದ ನಾಲ್ಕು ನಾಲ್ಕು ಕಬ್ಬು ತಂದು ಅವರ ಮುಂದೆ ಹಾಕಿದ, ಯಾವುದು ಎಲ್ಲಿಯದು ಎಂದು ಹೇಳಲಿಲ್ಲ. ಕಾಕಾ ಒಂದೊಂದನ್ನೇ ತಿರುವಿ, ಕಣ್ಣು ಒತ್ತಿ, ತೊಗಟೆ ಕಚ್ಚಿ ನೋಡಿದರು. ಕಡೆಗೆ ಒಂದು ಗುಂಪಿನ ಮೇಲೆ ಕೈ ಇಟ್ಟು, "ಇದರ ಕಣ್ಣ ಗಟ್ಟಿ ಅದಾವ, ಇದರೊಳಗ ಕೊಡು" ಎಂದರು. ಅದು ಯೂರಿಯಾ ಕಡಿಮೆ ಬಿದ್ದ ಕಡೆಯದು.

ಅಣ್ಣ ಹಾಗೆಂದಾಗ ಅವರು ಹುಬ್ಬೇರಿಸಿದರು. ನನ್ನ ಕಡೆ ಗದ್ದ ತೋರಿಸಿ, "ಮತ್ತ ಅಕಿ ಮಾತ ನಂಬಿದೆಪಾ ನೀ?" ಎಂದು ಅಣ್ಣನಿಗೆ ಕೇಳಿದರು.

"ಇಲ್ಲ" ಎಂದ ಅಣ್ಣ. "ಅರ್ಧಾ ಹೊಲಾ ಮಾಡಿ ನೋಡೀನಿ."

ಅವನು ಅದನ್ನು ನನ್ನ ಎದುರಿಗೇ ಹೇಳಿದ, ನನಗೆ ನೋವಾಗಲೆಂದು ಹೇಳಲಿಲ್ಲ. ಇದ್ದದ್ದು ಹಾಗೇ ಇತ್ತು. ಆಳುಗಳು ಕಬ್ಬನ್ನು ಹೊರೆ ಕಟ್ಟಿ ಟ್ರ್ಯಾಕ್ಟರಿಗೆ ಏರಿಸತೊಡಗಿದರು. ಕಡೆಯ ಹೊರೆ ದೊಡ್ಡದಾಗಿತ್ತು. ಒಂದು ತುದಿಯನ್ನು ಅಣ್ಣ ಎತ್ತಿದ್ದ, ಇನ್ನೊಂದು ತುದಿಯ ಆಳು ನೀರು ಕುಡಿಯಲು ಹೋಗಿದ್ದ. ಅಣ್ಣ ಸುತ್ತ ನೋಡಿದ. ನಾನು ಬದುವಿನ ಮೇಲೆ ನಿಂತಿದ್ದೆ.

"ಹಿಡಿ" ಎಂದ.

ಫೋನನ್ನು ಬದುವಿನ ಮೇಲೆ ಇಟ್ಟು, ಕೆಳಗಿಳಿದು ಹಿಡಿದೆ.